ಗಂಡಸರು ಕನ್ನಡಿಗೆ ಹೇಳುವ ಮಾತು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಒಬ್ಬರು ತಾಯಿ ಬರೆದಿದ್ದರು. ಗಂಡ ಮಾತಾಡುವುದಿಲ್ಲ, ಮಗ ಕಾಲೇಜಿನಿಂದ ಬಂದವನೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ, ಗಂಡಸರ ಮನಸ್ಸೇ ಕಲ್ಲು ಅಂತ. ಓದಿ ಬೇಜಾರಾಯಿತು. ಅವರ ನೋವು ನಿಜ. ಆದರೆ ಕಲ್ಲು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕೊಡಗಿನ ಸುಂಟಿಕೊಪ್ಪದಲ್ಲಿ 31 ವರ್ಷದಿಂದ ನನ್ನದೊಂದು ಸೆಲೂನ್ ಇದೆ. ತೋಟದ ಮಾಲೀಕರು, ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರು, ಜೀಪ್ ಡ್ರೈವರ್‌ಗಳು, ರಜೆಗೆ ಬಂದ ಸೈನಿಕರು, ಈಗೀಗ ಅಸ್ಸಾಮಿನ ಹುಡುಗರು, ಎಲ್ಲರೂ ಅದೇ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ. ನಾನು ಕಂಡಂತೆ ಗಂಡಸರು ಎದುರಿಗೆ ಕೂತು ಮನಸ್ಸು ಬಿಚ್ಚುವುದಿಲ್ಲ. ಪಕ್ಕದಲ್ಲಿ ಯಾರಾದರೂ ಇರಬೇಕು, ಏನಾದರೂ ಒಂದು ಕೆಲಸ ನಡೆಯುತ್ತಿರಬೇಕು, ಕಣ್ಣಿಗೆ ಕಣ್ಣು ಸಿಗಬಾರದು. ಆಗ ಮಾತು ತಾನಾಗೇ ಬರುತ್ತದೆ. ನನ್ನ ಅಂಗಡಿಯಲ್ಲಿ ಅವರು ಕನ್ನಡಿಗೆ ಹೇಳುತ್ತಾರೆ. ಹಿಂದೆ ನಿಂತ ನನಗೆ ಕೇಳಿಸುತ್ತದೆ, ಅಷ್ಟೆ.

2018ರ ಆಗಸ್ಟ್ ಯಾರಿಗೆ ಮರೆತಿದೆ? ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜರಿದು ಮನೆ, ತೋಟ ಎಲ್ಲ ಕೊಚ್ಚಿಹೋಯಿತು. ಪರಿಹಾರ ಶಿಬಿರದಿಂದ ಒಬ್ಬರು ಶೇವಿಂಗಿಗೆ ಬಂದರು. ಎರಡು ವಾರದ ಗಡ್ಡ. ದುಡ್ಡು ಆಮೇಲೆ ಕೊಡ್ತೇನೆ ಅಂದರು, ಬೇಡ ಅಂದೆ. ಒಂದು ಕೆನ್ನೆ ಮುಗಿಯುವವರೆಗೆ ಅವರ ಬಾಯಿಂದ ಒಂದು ಮಾತಿಲ್ಲ. ಆಮೇಲೆ ಕನ್ನಡಿ ನೋಡಿಕೊಂಡೇ ಹೇಳಿದರು, "ತೋಟ ಹೋಯ್ತು ಅಣ್ಣ. ಮನೆಯವಳ ಹತ್ರ ಹೇಗೆ ಹೇಳೋದು?"

"ಅವರಿಗೆ ಗೊತ್ತಿಲ್ವಾ?"

"ಗೊತ್ತುಂಟು. ಅವಳೇ ಕಣ್ಣಾರೆ ನೋಡಿದ್ದು. ನಾನು ಹೇಳಿಲ್ಲ."

ನಾನು ಕತ್ತಿ ಪಕ್ಕಕ್ಕಿಟ್ಟೆ. ಅವರ ಗಂಟಲು ನಡುಗುತ್ತಿತ್ತು, ಗಾಯ ಆಗಬಾರದಲ್ವಾ. ಸ್ವಲ್ಪ ಹೊತ್ತು ಸುಮ್ನೆ ಟವೆಲ್ ಹಿಡಿದು ನಿಂತಿದ್ದೆ. ಈ ಮನುಷ್ಯನನ್ನು ಕಲ್ಲು ಅನ್ನಲು ನನಗೆ ಆಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಗಂಡಸು ಅಂದರೆ ಕೋವಿ, ಸೈನ್ಯ, ಧೈರ್ಯ. ಅದು ನಮ್ಮ ಹೆಮ್ಮೆ. ನನ್ನ ಅಂಗಡಿಯ ಗೋಡೆಯಲ್ಲೂ ನಮ್ಮ ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಫೋಟೊ ಇದೆ. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಬಿಟ್ಟು ಕಳಿಸುತ್ತೇವೆ ಎಂಬ ಮಾತು ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರಿಂದ ಬಂದಾಗ, ನನ್ನ ಮಗನಿಗೆ ಮಾತ್ರ ಬೇರೆ ಸವಲತ್ತು ಬೇಡ ಎಂದರು ಕಾರ್ಯಪ್ಪ. ಈ ಕಥೆಯನ್ನು ಬೆಂಚಿನಲ್ಲಿ ಕೂತವರು ನೂರು ಸಲ ಹೇಳಿದ್ದಾರೆ. ಕೇಳಿದಾಗಲೆಲ್ಲ ನನಗೆ ಬೇರೆಯೇ ಯೋಚನೆ ಬರುತ್ತದೆ. ಆ ರಾತ್ರಿ ಆ ತಂದೆಗೆ ನಿದ್ದೆ ಬಂದಿತ್ತಾ? ಅದನ್ನು ಯಾರೂ ಕೇಳುವುದಿಲ್ಲ.

ಕುಡಿದು ಹೊಡೆಯುವವರನ್ನು ನಾನು ಸಮರ್ಥಿಸುತ್ತಿಲ್ಲ. ಮನಸ್ಸಿನಲ್ಲಿ ದುಃಖ ಇದೆ ಅಂತ ಕೈ ಎತ್ತುವುದು ತಪ್ಪೇ, ಅದಕ್ಕೆ ಕ್ಷಮೆ ಇಲ್ಲ. ಆದರೆ ಮಾತಾಡಲು ಇದ್ದ ಜಾಗಗಳು ಒಂದೊಂದೇ ಹೋದವು ಎನ್ನುವುದೂ ನಿಜ. ನಾನು ಚಿಕ್ಕವನಿದ್ದಾಗ ಆಟಿಯ ಮಳೆಯಲ್ಲಿ ಕಂಬಳಿ ಹೊದ್ದು ಹತ್ತಿಪ್ಪತ್ತು ಜನ ಒಂದೇ ಗದ್ದೆಗೆ ಇಳಿಯುತ್ತಿದ್ದರು. ಬಗ್ಗಿ ಸಸಿ ಕೀಳುತ್ತಾ ಸಾಲದ ವಿಷಯ, ಅಣ್ಣತಮ್ಮಂದಿರ ಜಗಳ, ಹೆಂಡತಿಯ ಕಾಯಿಲೆ, ಎಲ್ಲ ಅಲ್ಲೇ ಬರುತ್ತಿತ್ತು. ನಾಟಿ ಮುಗಿದರೆ ಕೆಸರಲ್ಲಿ ನಾಟಿ ಓಟ. ಆಮೇಲೆ ನಮ್ಮ ಆಯುಧ ಪೂಜೆಯ ಹಬ್ಬ, ಕೈಲು ಮುಹೂರ್ತ. ಈಗ ಎಷ್ಟೋ ಗದ್ದೆ ಪಾಳು ಬಿದ್ದಿದೆ, ಕೆಲವು ಕಡೆ ಶುಂಠಿ, ಇನ್ನು ಕೆಲವು ಕಡೆ ಸೈಟು. ಅಕ್ಕಪಕ್ಕ ಕೂರಲು ಉಳಿದಿರುವುದು ಬಾರ್ ಒಂದೇ ಅಂದರೆ ಹೇಗೆ?

ನನ್ನ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಗ ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದರೆ "ಊಟ ಆಯ್ತಾ?" "ಆಯ್ತಪ್ಪ." "ಅಮ್ಮನಿಗೆ ಕೊಡ್ತೇನೆ." ಇಷ್ಟೇ ನಮ್ಮ ಮಾತು. ಹೋದ ಮೇ ತಿಂಗಳು ಬಂದಿದ್ದಾಗ ಮಳೆಗಾಲಕ್ಕೆ ಸೌದೆ ಒಟ್ಟುತ್ತಿದ್ದೆವು. ಅವನು ಎತ್ತಿ ಕೊಡುವುದು, ನಾನು ಜೋಡಿಸುವುದು. ರಾಶಿ ಎದೆಯ ಮಟ್ಟಕ್ಕೆ ಬಂದಾಗ, ಕೈ ನಿಲ್ಲಿಸದೆ ಹೇಳಿದ, "ಅಪ್ಪ, ಕೆಲಸ ಹೋಗಿ ಮೂರು ತಿಂಗಳಾಯ್ತು." ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಇನ್ನೊಂದು ಸೌದೆಗೆ ಕೈ ಚಾಚಿದೆ. ಉಳಿದದ್ದನ್ನೆಲ್ಲ ಹೇಳಿದ. ಬಾಡಿಗೆ, ಸಾಲ, ರಾತ್ರಿ ಎದೆ ಬಡಿದುಕೊಳ್ಳುವುದು, ಎಲ್ಲ. ಮೂರು ತಿಂಗಳು ಅವನು "ಊಟ ಆಯ್ತಪ್ಪ" ಅಂದಿದ್ದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಪತ್ರ ಬರೆದ ತಾಯಿಗೆ ಒಂದು ಮಾತು. ಅಮ್ಮಾ, ನಿಮಗೆ ಸ್ವಲ್ಪ ಕಾಫಿ ತೋಟ ಇದೆ ಅಂತ ಬರೆದಿದ್ದೀರಿ. ಈಗ ಕೊಯ್ಲಿನ ಸಮಯ, ಕಣದಲ್ಲಿ ಹಣ್ಣು ಒಣಗುತ್ತಿರಬಹುದು. ಮಗನನ್ನು ಕೂರಿಸಿ ಏನಾಯ್ತು ಅಂತ ಕೇಳಬೇಡಿ. ಸಂಜೆ ಮಂಜು ಬೀಳುವ ಮೊದಲು ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕಲ್ಲ, ಅದಕ್ಕೆ ಅಪ್ಪ ಮಗ ಇಬ್ಬರನ್ನೂ ಕರೆಯಿರಿ. ಅರ್ಧ ಕಣ ಆಗುವವರೆಗೆ ಯಾರೂ ಏನೂ ಕೇಳುವುದು ಬೇಡ. ಮೊದಲ ದಿನ ಏನೂ ಮಾತಾಡದೆ ಒಳಗೆ ಬಂದರೆ, ಮರುದಿನ ಸಂಜೆಯೂ ಕರೆಯಿರಿ.

ಇಂತಿ,
ಸೆಲೂನ್ ನಡೆಸುವ ಓದುಗ,
ಸುಂಟಿಕೊಪ್ಪ, ಕೊಡಗು