ತೊಗಟೆಗೆ ಥರ್ಮಾಕೋಲ್ ಬೇಡ, ಗೋಣಿ ಸಾಕು

ಮಾನ್ಯ ಸಂಪಾದಕರೇ,

ಶಾಲಾ ವಾರ್ಷಿಕೋತ್ಸವಗಳೂ ಊರೂರಿನ ಪೌರಾಣಿಕ ನಾಟಕಗಳೂ ಶುರುವಾಗುವ ಕಾಲ ಇದು. ವನವಾಸದ ದೃಶ್ಯ ಬಂತೆಂದರೆ ವೇದಿಕೆಯ ಮೇಲೆ ಥರ್ಮಾಕೋಲ್ ಸುತ್ತಿ ಚಾಕೊಲೇಟ್ ಬಣ್ಣ ಬಳಿದ ಕಂಬ ನಿಲ್ಲುತ್ತದೆ. ಅದು ಮರದಂತೆ ಕಾಣುವುದಿಲ್ಲ ಎಂಬುದು ಹಾಗಿರಲಿ, ಕಿಡಿ ತಾಗಿದರೆ ಕರಗಿ ಉರಿಯುತ್ತದೆ, ಥಿನ್ನರ್ ಇರುವ ಬಣ್ಣ ಬಿದ್ದರೆ ತೂತಾಗುತ್ತದೆ, ನಾಟಕ ಮುಗಿದ ಮೇಲೆ ಪುಡಿಯಾಗಿ ನಾಲೆ ಸೇರುತ್ತದೆ. ಹಳೆಯ ಗೋಣಿಚೀಲದಿಂದ ಇದಕ್ಕಿಂತ ಎಷ್ಟೋ ಒಳ್ಳೆಯ ತೊಗಟೆ ಮಾಡಬಹುದು.

ಎಂಟಡಿ ಎತ್ತರ, ಒಂದೂವರೆ ಅಡಿ ದಪ್ಪದ ಕಾಂಡಕ್ಕೆ ಬಿಚ್ಚಿ ಹರವಿದ ನಾಲ್ಕು ದೊಡ್ಡ ಸೆಣಬಿನ ಚೀಲ ಬೇಕು. ನೆರಿಗೆ ಹಿಡಿಯಬೇಕಾದ್ದರಿಂದ ಬಟ್ಟೆ ಸುತ್ತಳತೆಯ ಒಂದೂವರೆ ಪಟ್ಟು ಇರಲಿ. ಮೊದಲು ಬಿಸಿನೀರಲ್ಲಿ ಒಗೆಯಿರಿ. ಸೆಣಬಿನಲ್ಲಿ ಎಣ್ಣೆಯಂಶ ಉಳಿದರೆ ಅಂಟು ಹಿಡಿಯದು. ಆಮೇಲೆ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಬೋರಾಕ್ಸ್, 45 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಅದರಲ್ಲಿ ನೆನೆಸಿ ಒಣಗಿಸಿ. ಬೆಂಕಿ ಬೇಗ ಹತ್ತುವುದಿಲ್ಲ, ಬೂಷ್ಟೂ ಕಡಿಮೆ. ಅಂಟಿಗೆ ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ, ಮಕ್ಕಳು ಕೈಹಾಕುವ ಕಡೆ ಖಂಡಿತ ಬೇಡ.

ಬಿದಿರು ದಬ್ಬೆಯ ಚೌಕಟ್ಟಿಗೆ ಕೋಳಿ ಜಾಲರಿ ಸುತ್ತಿ, ಅದರ ಮೇಲೆ ಎರಡು ಪದರ ಹಳೆಯ ಪತ್ರಿಕೆ ಅಂಟಿಸಿ. ಒಂದು ಕಿಲೋ ಮೈದಾಕ್ಕೆ ಐದಾರು ಲೀಟರ್ ನೀರು ಹಾಕಿ ಗಂಜಿ ಕಾಯಿಸಿ, ಆರಿದ ಮೇಲೆ ಅರ್ಧ ಕಿಲೋ ಫೆವಿಕಾಲ್ ಬೆರೆಸಿ. ಗಂಜಿ ಗಟ್ಟಿಯಾದರೆ ಒಣಗಿದಾಗ ಬಿರುಕುಬಿಟ್ಟು ಚಕ್ಕೆ ಉದುರುತ್ತದೆ. ಗೋಣಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಕಾಂಡಕ್ಕೆ ಹೊದಿಸಿ ಬೆರಳಿಂದ ನೆರಿಗೆ ಎಬ್ಬಿಸಬೇಕು.

ಇಲ್ಲೇ ಮರದ ಜಾತಿ ತೀರ್ಮಾನವಾಗುವುದು. ಬೇವಾದರೆ ಉದ್ದುದ್ದ ಸೀಳು, ಆದರೆ ಒಂದೇ ಸೀಳು ಮೇಲಿಂದ ಕೆಳಗಿನವರೆಗೂ ಓಡಬಾರದು. ಮತ್ತಿಯಾದರೆ ಮೊಸಳೆ ಚರ್ಮದಂತೆ ಚೌಕ ಚೌಕ, ಅಡ್ಡಕ್ಕೂ ಒತ್ತಿ. ಆಲದ ತೊಗಟೆ ಹೆಚ್ಚುಕಡಿಮೆ ನುಣುಪು. ಅದಕ್ಕೆ ನೆರಿಗೆ ಬೇಡ, ತೆಂಗಿನ ನಾರಿನ ಹಗ್ಗ ಬಿಚ್ಚಿ ಅಂಟಲ್ಲಿ ಅದ್ದಿ ಬಿಳಲು ಇಳಿಬಿಟ್ಟರೆ ಆಲವೇ ಆಲ. ಎಲ್ಲವೂ ಎರಡು ದಿನ ಬಿಸಿಲಲ್ಲಿ ಒಣಗಲಿ.

ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ತೊಗಟೆ ಕಂದು ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟ ತಪ್ಪು. ನಮ್ಮ ರಸ್ತೆಬದಿಯ ಮರಗಳನ್ನೇ ನೋಡಿ, ಬಹುಪಾಲು ಬೂದು. ರಂಗಾಯಣದ ವನರಂಗದಂಥ ಬಯಲು ರಂಗದಲ್ಲಿ ಪಕ್ಕದಲ್ಲೇ ನಿಜವಾದ ಮರವಿದ್ದರೆ ಚಾಕೊಲೇಟ್ ಕಾಂಡದ ಸುಳ್ಳು ಕೂಡಲೇ ಬಯಲಾಗುತ್ತದೆ. ಎನಾಮಲ್ ಬೇಡ, ದೀಪ ಬಿದ್ದರೆ ಮಿರುಗುತ್ತದೆ. ಡಿಸ್ಟೆಂಪರ್ ಸಾಕು. ಮೊದಲು ಕಪ್ಪುಗಂದು ಬಣ್ಣವನ್ನು ನೀರಾಗಿ ಕಲಸಿ ಸೀಳುಗಳೊಳಗೆ ಇಳಿಯುವಂತೆ ಬಳಿಯಿರಿ. ಅದು ಪೂರ್ತಿ ಒಣಗಿದ ಮೇಲೆ ಬೂದು. ಬ್ರಷ್ಷನ್ನು ಬಣ್ಣಕ್ಕೆ ಅದ್ದಿ, ಗೋಣಿ ಚೂರಿಗೆ ಒರೆಸಿ, ನೆರಿಗೆಗೆ ಅಡ್ಡಲಾಗಿ ಹಗುರವಾಗಿ ಎಳೆಯಬೇಕು. ಆಗ ಉಬ್ಬಿಗಷ್ಟೇ ಬಣ್ಣ ಹತ್ತುತ್ತದೆ. ಉದ್ದಕ್ಕೆ ಎಳೆದರೆ ಸೀಳೂ ತುಂಬಿ ಪಟ್ಟ ಶ್ರಮವೆಲ್ಲ ವ್ಯರ್ಥ. ಬುಡದ ಹತ್ತಿರ ತುಸು ಮಾಸಲು ಹಸಿರು.

ಕೊನೆಯ ಸಾಲಿನ ಕುರ್ಚಿಯಿಂದ ಒಮ್ಮೆ ನೋಡಿ. ದೀಪ ಪಕ್ಕದಿಂದ ಬಿದ್ದರೆ ಸೀಳುಗಳಲ್ಲಿ ನೆರಳು ನಿಲ್ಲುತ್ತದೆ. ಹಳ್ಳಿಯ ಪೆಂಡಾಲಿನಂತೆ ಎದುರಿನಿಂದಷ್ಟೇ ಬೆಳಕಿದ್ದರೆ ಕಾಂಡದ ಒಂದು ಮಗ್ಗುಲಿಗೆ ಇನ್ನೊಂದು ಕೈ ಕಪ್ಪು ಹೊಡೆಯಿರಿ.

– ರಂಗಸಜ್ಜಿಕೆ ಕೆಲಸಗಾರರು, ಮಂಡ್ಯ