ಜನಶತಾಬ್ದಿಯಲ್ಲಿ ಸಿಕ್ಕ ಆ ಮೇಡಂಗೆ
ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟಾಗ ಪಕ್ಕದ ಸೀಟಿನಲ್ಲಿದ್ದ ಮೇಡಂ, ನಿಮ್ಮ ಹೆಸರು ಕೇಳುವುದೂ ಆಗಲಿಲ್ಲ. ಅರ್ಥಶಾಸ್ತ್ರದಲ್ಲೋ ಸಾರ್ವಜನಿಕ ನೀತಿಯಲ್ಲೋ ಪಿಎಚ್‌ಡಿ ಮಾಡೋದು ಅಂತ ಒದ್ದಾಡುತ್ತಿದ್ದವಳಿಗೆ ನೀವು ಮೊದಲು ಕೇಳಿದ್ದು, "ನಿನ್ನ ಪ್ರಶ್ನೆ ಏನಮ್ಮಾ?" ಅಡಿಕೆಯ ಕನಿಷ್ಠ ಆಮದು ದರದಿಂದ (ಅದಕ್ಕಿಂತ ಅಗ್ಗಕ್ಕೆ ಹೊರಗಿನ ಅಡಿಕೆ ತರಿಸುವಂತಿಲ್ಲ ಅಂತ ಸರ್ಕಾರ ಇಡುವ ಬೆಲೆ) ತೀರ್ಥಹಳ್ಳಿಯ ಸಣ್ಣ ಬೆಳೆಗಾರನ ಕೈಗೆ ನಿಜಕ್ಕೂ ಎಷ್ಟು ಸಿಗುತ್ತೆ ಅಂದೆ. "ಹಾಗಾದರೆ ಎರಡೂ ಬೇಕು" ಅಂದವರೇ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಟ್ಟಿರಿ: ಮೈಕ್ರೋ, ಮ್ಯಾಕ್ರೋ, ಎಕಾನಮೆಟ್ರಿಕ್ಸ್ ಅನ್ನೋ ಅರ್ಥಶಾಸ್ತ್ರದ ಬುನಾದಿ ಪಾಠಗಳನ್ನು ಗಟ್ಟಿಯಾಗಿ ಕಲಿಸುವ ಕಡೆಗೇ ಹೋಗು, ಗೈಡ್ ಬರೆದದ್ದನ್ನು ಓದಿ ನೋಡು, ಫೆಲೋಶಿಪ್ ಇಲ್ಲದೆ ಸೇರಬೇಡ. ಎರಡೂ ವಿಷಯ ಸೇರಿಸಿ ಓದುವ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಂಟಿ ಪಿಎಚ್‌ಡಿ ಬಗ್ಗೆಯೂ ಹೇಳಿದಿರಿ, 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಬಗ್ಗೆಯೂ. ಟಿಕೆಟ್ಟಿನ ಮೇಲಿನ ಆ ಫೆಲೋಶಿಪ್ ಸಾಲು ಕೇಳಿ ಅಪ್ಪನಿಗೂ ಧೈರ್ಯ ಬಂತು. ಐಸೆಕ್‌ಗೆ ಅರ್ಜಿ ಹಾಕಿದ್ದೇನೆ. ತುಂಬು ಮನಸ್ಸಿನ ಧನ್ಯವಾದ, ಮೇಡಂ.