ಅಪ್ಪನಿಗೆ, ಕಾರಿನ ವಿಷಯ

ಇಲಾಂಟ್ಸ್, ಸ್ವಿಟ್ಜರ್ಲೆಂಡ್
ನವೆಂಬರ್ 9, ಭಾನುವಾರ

ತೀರ್ಥರೂಪ ಅಪ್ಪನಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೆಲ್ಲ ಅಲ್ಲಿ ಕ್ಷೇಮ ಅಂತ ಬರೆಯುವ ಕ್ರಮ. ಈ ಸಲ ಅದನ್ನು ಬರೆಯಲು ಕೈ ಬರುತ್ತಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಕಾಗದ ಮೊನ್ನೆ ಸಿಕ್ಕಿತು. ನಾಲ್ಕು ಪುಟ, ನಾಲ್ಕರಲ್ಲೂ ನಾನು ತೆಗೆಯುತ್ತೇನೆ ಅಂದ, ನಾಲ್ಕೂ ಚಕ್ರ ಎಳೆಯುವ ಕಾರಿನದ್ದೇ ಮಾತು. "ಒಬ್ಬಳಿಗೆ ಎಂಥಕ್ಕೆ ಫೋರ್ ವೀಲ್? ನೀನೇನು ಅಡಿಕೆ ಗೋಣಿ ಹೇರುವವಳಾ?" ಅಂತ ಕೇಳಿದ್ದೀರಿ. ಸಾಲ ಮಾಡಬೇಡ ಅಂತ ಮೂರು ಕಡೆ ಗೆರೆ ಎಳೆದಿದ್ದೀರಿ. ತೆಗೆಯುವುದೇ ಆದರೆ ಜಿಮ್ನಿ ತೆಗಿ, ನಮ್ಮ ಮಾರುತಿಯದ್ದೇ, ಬಿಡಿಭಾಗ ಸಿಗುತ್ತದೆ ಅಂತ ಕೊನೆಗೆ ಒಂದು ಸಾಲು. ಬಿಡಿಭಾಗವನ್ನು ಕುಂಬಳೆಯಿಂದ ಪಾರ್ಸೆಲ್ ಮಾಡುತ್ತೀರಾ ಅಪ್ಪ?

ಕಾರು ಯಾಕೆ ಬೇಕು ಅಂದರೆ, ನನ್ನ ಕೆಲಸ ಈಗ ಆಸ್ಪತ್ರೆಯ ಒಳಗಲ್ಲ. ಮನೆಮನೆಗೆ ಹೋಗಿ ನೋಡಿಕೊಳ್ಳುವುದು. ಸ್ಪಿಟೆಕ್ಸ್ ಅನ್ನುತ್ತಾರೆ ಇದಕ್ಕೆ. ಬೆಳಿಗ್ಗೆ ಏಳಕ್ಕೆ ಮೊದಲ ಮನೆ. ಲುಮ್ನೆತ್ಸಿಯಾ ಅಂತ ಒಂದು ಕಣಿವೆ, ಅದರ ಮೇಲ್ಗಡೆ ಒಂಟಿ ಒಂಟಿ ಮನೆಗಳು. ಒಬ್ಬರಿಗೆ ಇನ್ಸುಲಿನ್, ಇನ್ನೊಬ್ಬರಿಗೆ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್, ಎಲ್ಲರಿಗೂ ಬಿಪಿ. ಹಳದಿ ಪೋಸ್ಟ್ ಬಸ್ಸು ಊರಿನ ನಡುವೆ ಇಳಿಸಿ ಹೋಗುತ್ತದೆ. ಅಲ್ಲಿಂದ ಮೇಲೆ ನಮ್ಮ ಮನೆ ಏರಿನ ಹಾಗೆಯೇ. ಇಷ್ಟು ದಿನ ಆಫೀಸಿನ ಕಾರು ಹಂಚಿಕೊಂಡು ಸುಧಾರಿಸಿದೆ. ಈಗ ನನ್ನ ಪಾಳಿ ಬದಲಾಗಿದೆ. ಸ್ವಂತ ಕಾರಾದರೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ.

ಇನ್ನು ಜಿಮ್ನಿ. ನೀವು ಹೇಳಿದ್ದು ಅಂತ ಹೋಗಿ ನೋಡಿದೆ. ನನಗೂ ಅದರ ಮೇಲೆ ಆಸೆಯೇ. ಆದರೆ ಅದರದ್ದು ಕಾಕನ ಜೀಪಿನ ಹಾಗೆ ಹಾಕಿ ತೆಗೆಯುವ ಫೋರ್. ಟಾರಿಗೆ ಬಂದ ಕೂಡಲೇ ಕಾಕ ಆ ಸಣ್ಣ ಲಿವರ್ ಎಳೆದು ಫೋರ್ ತೆಗೆಯುತ್ತಿದ್ದದ್ದು ನೆನಪುಂಟಲ್ಲ? ತಿರುವಿನಲ್ಲಿ ಮುಂದಿನ ಚಕ್ರ ಓಡುವ ದಾರಿ ಬೇರೆ, ಹಿಂದಿನದ್ದು ಬೇರೆ. ಫೋರ್ ಹಾಕಿದರೆ ಎರಡನ್ನೂ ಒಟ್ಟಿಗೆ ಕಟ್ಟಿದ ಹಾಗೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿ ಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಆಗುವುದಿಲ್ಲ, ಗಾಡಿ ಒಳಗೊಳಗೇ ಹಿಂಡಿಕೊಳ್ಳುತ್ತದೆ. ಇಲ್ಲಿ ಒಂದೇ ರಸ್ತೆಯಲ್ಲಿ ಬಿಸಿಲು ಬಿದ್ದ ಕಡೆ ಒಣ ಟಾರು, ಮುಂದಿನ ತಿರುವಿನ ನೆರಳಲ್ಲಿ ಐಸು. ಎಷ್ಟು ಸಲ ಹಾಕಿ ತೆಗೆಯುವುದು? ಅದೂ ಅಲ್ಲದೆ ಹೊಗೆಯ ನಿಯಮ ಬಿಗಿಯಾದ ಮೇಲೆ ಯುರೋಪಿನಲ್ಲಿ ಹೊಸ ಜಿಮ್ನಿಯನ್ನು ಹಿಂದಿನ ಸೀಟು ತೆಗೆದು ಸಾಮಾನು ಗಾಡಿ ಅಂತ ಮಾರಿದರು. ನಿಮ್ಮ ಐದು ಬಾಗಿಲಿನದ್ದು ಊರಲ್ಲೇ ಇರಲಿ.

ಕಾಕನ ಜೀಪಿನ ಹೆಸರು ಬಂತು, ಇನ್ನು ಸುತ್ತಿ ಬಳಸಿ ಬರೆಯಲಾರೆ. ನಿಮ್ಮ ಕಾಗದದ ಮೂರನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಉಂಟು. ಅಮ್ಮನ ಅಕ್ಷರ. ಲಕೋಟೆ ಅಂಟಿಸುವ ಮೊದಲು ನೀವು ಕೈಕಾಲು ತೊಳೆಯಲು ಹೋದಾಗ ಬರೆದದ್ದಿರಬೇಕು. "ಅಪ್ಪ ಮೊನ್ನೆ ಕೆಳಗಿನ ತೋಟದಿಂದ ಹತ್ತಿ ಬರುವಾಗ ಅಡಿಕೆ ಮರ ಹಿಡಿದು ಕೂತರು. ತುಂಬಾ ಬೆವರಿತ್ತು. ನಿನಗೆ ತಿಳಿಸಬಾರದಂತೆ."

ಅಮ್ಮನಿಗೆ ಬಯ್ಯಬೇಡಿ. ಬಯ್ಯುವುದಿದ್ದರೆ ನನಗೆ ಬಯ್ಯಿರಿ.

ಅಪ್ಪ, ದಿನಕ್ಕೆ ಎಂಟು ಮನೆಯ ಅಜ್ಜಂದಿರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಬರೆದಿಡುತ್ತೇನೆ. ನಿಮ್ಮದು ಎಷ್ಟು ಅಂತ ನನಗೆ ಗೊತ್ತಿಲ್ಲ. ಫೋನಿನಲ್ಲಿ ಕೇಳಿದರೆ ನಾರ್ಮಲ್ ಅನ್ನುತ್ತೀರಿ. ನಾರ್ಮಲ್ ಅನ್ನುವುದು ನಂಬರ್ ಅಲ್ಲ. ಕೂತದ್ದು ಹತ್ತುವಾಗಲಾ, ಹತ್ತಿ ಆದ ಮೇಲಾ? ಎದೆ ಹಿಡಿದ ಹಾಗೆ ಆಗಿತ್ತಾ? ಎಡಗೈ, ದವಡೆ, ಬೆನ್ನು ಏನಾದರೂ ನೋಯುತ್ತಿತ್ತಾ? ಎಷ್ಟು ಹೊತ್ತಿಗೆ ಸರಿಯಾಯಿತು? ಬೆಳಗ್ಗಿನ ಮಾತ್ರೆ ತಿಂದಿದ್ದಿರಾ, ಅಥವಾ ಅದು ಇನ್ನೂ ಪಂಚಾಂಗದ ಹಿಂದೆಯೇ ಉಂಟಾ? ಗ್ಯಾಸ್ ಅಂತ ಹೇಳಿ ಜೀರಿಗೆ ಕಷಾಯ ಕುಡಿದಿರುತ್ತೀರಿ ಅಂತ ಗೊತ್ತು. ಕುಡಿಯಿರಿ, ಒಳ್ಳೆಯದೇ. ಆದರೆ ಗ್ಯಾಸಿಗೆ ಮೈಯೆಲ್ಲ ಬೆವರುವುದು ಕಡಿಮೆ.

ಈ ವಾರವೇ ಮಂಗಳೂರಿಗೆ ಹೋಗಿ ಇಸಿಜಿ, ಎಕೋ ಮಾಡಿಸಬೇಕು. ಅಡಿಕೆ ಕೊಯ್ಲು ಮುಗಿಯಲಿ ಅನ್ನಬೇಡಿ. ಅದು ಮುಗಿದರೆ ಸುಲಿಯುವುದು, ಅದು ಮುಗಿದರೆ ಜಾತ್ರೆ. 2020ರಲ್ಲಿ ಕೊರೋನ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯವರು ಹೇಗೆ ಒದ್ದಾಡಿದರು ಅಂತ ನಿಮಗೆ ನಾನು ಹೇಳಬೇಕಾ? ಈಗ ದಾರಿ ತೆರೆದೇ ಉಂಟಲ್ಲ. ಅಮ್ಮ ಮಧೂರು ಗಣಪತಿಗೆ ಅಪ್ಪದ ನೈವೇದ್ಯದ ಸೇವೆ ಹೇಳಿಕೊಂಡಿರುತ್ತಾಳೆ. ಅದನ್ನೂ ಮಾಡಿಸಿ. ಮೊದಲು ಇಸಿಜಿ.

ಖರ್ಚಿನ ಮಾತು ಬರುತ್ತದೆ ಅಂತ ಗೊತ್ತು. ಅದಕ್ಕೇ ಮತ್ತೆ ಕಾರಿಗೆ ಬರುತ್ತೇನೆ.

ನಾನು ಮನಸ್ಸಲ್ಲಿ ಇಟ್ಟದ್ದು ಸುಬಾರು ಫಾರೆಸ್ಟರ್. ಜಪಾನಿನದ್ದು. ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುತ್ತಲೇ ಇರುತ್ತದೆ, ಲಿವರ್ ಗಿವರ್ ಇಲ್ಲ. ನೆಲದಿಂದ ಎತ್ತರ ಜಾಸ್ತಿ. ನಾನು ನೋಡಿದ ಹಳೆಯದಕ್ಕೆ 14,500 ಫ್ರಾಂಕ್ ಹೇಳಿದರು. ರೂಪಾಯಿಗೆ ಗುಣಿಸಬೇಡಿ, ತಲೆ ಇನ್ನೊಮ್ಮೆ ತಿರುಗುತ್ತದೆ. ಆಮೇಲೆ ನಾನು ನೋಡಿಕೊಳ್ಳುವ ಒಬ್ಬ ಅಜ್ಜ, ದನ ಸಾಕುವವರು, ತಮ್ಮ ಕೊಟ್ಟಿಗೆಯ ಪಕ್ಕ ನಿಂತಿದ್ದ ಫಿಯೆಟ್ ಪಾಂಡ ತೋರಿಸಿದರು. ಫೋರ್ ವೀಲ್ ಪಾಂಡ ಮೊದಲು ಬಂದದ್ದು 1983ರಲ್ಲಿ. ಬೆಂಕಿಪೆಟ್ಟಿಗೆಗೆ ಚಕ್ರ ಇಟ್ಟ ಹಾಗೆ ಉಂಟು ನೋಡಲು. ಈ ಬೆಟ್ಟಗಳ ರೈತರಿಗೆ ಅದೆಂದರೆ ಪ್ರಾಣ. ಈಚಿನದ್ದರಲ್ಲಿ ಮಾಮೂಲಿಯಾಗಿ ಮುಂದಿನ ಎರಡು ಚಕ್ರ ಎಳೆಯುತ್ತವೆ, ಅವು ಜಾರಿದರೆ ಹಿಂದಿನವು ತಾವಾಗಿಯೇ ಸೇರಿಕೊಳ್ಳುತ್ತವೆ. ಹಗುರ ಗಾಡಿ, ಅಗಲ ಕಡಿಮೆ. ಎದುರಿಂದ ಬಸ್ಸು ಬಂದರೆ ಒತ್ತಿ ನಿಲ್ಲಿಸಲು ಸುಲಭ. ಅಂಥದ್ದೇ ಒಂದು, 9 ವರ್ಷ ಹಳೆಯದು, ಪಕ್ಕದ ಊರಲ್ಲಿ 7,800ಕ್ಕೆ ಸಿಕ್ಕಿತು. ಗುರುವಾರ ತೆಗೆದೆ. ಹಸಿರು ಬಣ್ಣ. ಸಾಲ ಇಲ್ಲ. ಉಳಿದದ್ದರಲ್ಲಿ ಒಂದು ಭಾಗ ಅಣ್ಣನ ಖಾತೆಗೆ ಹಾಕಿದ್ದೇನೆ. ನಿಮ್ಮ ಪರೀಕ್ಷೆಗೆ ಅಂತಲೇ. ಅಡಿಕೆಗೆ ಮದ್ದು ಬಿಡಲು ಅಲ್ಲ, ಪಂಪಿಗೂ ಅಲ್ಲ. ಸುಬಾರು ತೆಗೆಯದೆ ಬೇಜಾರಾಯಿತಾ ಅಂದರೆ, ಸ್ವಲ್ಪ ಆಯಿತು. ಸುಳ್ಳು ಯಾಕೆ ಹೇಳಲಿ.

ಫೋರ್ ವೀಲಿಗಿಂತ ಇಲ್ಲಿ ಟಯರಿಗೆ ಜಾಸ್ತಿ ಬೆಲೆ. ಏರು ಹತ್ತಲು ನಾಲ್ಕು ಚಕ್ರ ಬೇಕು, ನಿಲ್ಲಲು ಟಯರೇ ಬೇಕು. ಇದನ್ನು ನಾನು ಕಲಿತದ್ದು ಕಳೆದ ಫೆಬ್ರವರಿಯಲ್ಲಿ. ಬೇರೆಯವರ ಫೋರ್ ವೀಲ್ ಕಾರು, ಸವೆದ ಟಯರು. ಮೇಲೆ ಹತ್ತುವಾಗ ರಾಜನ ಹಾಗೆ ಹತ್ತಿತು. ಇಳಿಯುವಾಗ ಬ್ರೇಕ್ ಒತ್ತಿದರೆ ಒಳಗೆ ಗುಡುಗುಡು ಅಂತ ಸದ್ದು, ಕಾರು ಮಾತ್ರ ತನ್ನಷ್ಟಕ್ಕೆ ಹೋಗುತ್ತಲೇ ಇದೆ. ಹೆಚ್ಚು ವೇಗವೂ ಇಲ್ಲ, ಮೆಲ್ಲಗೆ, ಮದುವೆ ದಿಬ್ಬಣದ ಹಾಗೆ. ಹೋಗಿ ಬದಿಯ ಹಿಮದ ರಾಶಿಗೆ ಮೂಗು ಒತ್ತಿ ನಿಂತಿತು. ಇದನ್ನು ಬರೆಯಬಾರದಿತ್ತೋ ಏನೋ. ಏನೂ ಆಗಲಿಲ್ಲ ಅಪ್ಪ. ಒಂದು ಗೀರೂ ಇಲ್ಲ. ನಾನೂ ಸರಿ ಇದ್ದೆ, ಕಾರೂ ಸರಿ ಇತ್ತು, ಹಿಮದ ರಾಶಿಯೂ ಸರಿ ಇತ್ತು. ಅಮ್ಮನಿಗೆ ಓದಿ ಹೇಳುವಾಗ ಈ ಭಾಗ ಬಿಡಿ.

ಈ ಸಲ ಚಳಿಗಾಲದ ಟಯರು ಹೊಸತೇ ಹಾಕಿಸಿದ್ದೇನೆ. ಟಯರಿನ ಬದಿಯಲ್ಲಿ ಮೂರು ತುದಿಯ ಬೆಟ್ಟ, ನಡುವೆ ಹಿಮದ ಹೂವಿನ ಗುರುತು ಇರಬೇಕು. ಚಳಿ 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಗೆಯ ಟಯರಿನ ರಬ್ಬರು ಗಟ್ಟಿಯಾಗುತ್ತದೆ, ನೀವು ಕಳಿಸಿದ ತೆಂಗಿನೆಣ್ಣೆ ಇಲ್ಲಿ ಕಪಾಟಿನಲ್ಲಿ ಕಲ್ಲಾಗಿ ಕೂತ ಹಾಗೆ. ಚಳಿಗಾಲದ್ದು ಮೆತ್ತಗೇ ಉಳಿಯುತ್ತದೆ. ಟಯರಿನ ಗೀರಿನ ಆಳ 1.6 ಮಿಲಿಮೀಟರ್ ಇದ್ದರೆ ಕಾನೂನಿಗೆ ಸಾಕು, ಆದರೆ ಚಳಿಗಾಲಕ್ಕೆ 4 ಬೇಕು ಅನ್ನುತ್ತಾರೆ. ಡಿಕ್ಕಿಯಲ್ಲಿ ಸಂಕೋಲೆಯೂ ಉಂಟು. ನೀಲಿ ಬೋರ್ಡಿನಲ್ಲಿ ಸಂಕೋಲೆ ಸುತ್ತಿದ ಟಯರಿನ ಚಿತ್ರ ಇದ್ದರೆ ಅದನ್ನು ಕಟ್ಟಲೇಬೇಕು. ಅಡಿಯಲ್ಲಿ ಬೇರೆ ಫಲಕ ಹಾಕಿ ಬಿಟ್ಟರೆ ಮಾತ್ರ ಫೋರ್ ವೀಲಿಗೆ ವಿನಾಯಿತಿ.

ಇಲ್ಲಿಯ ವಿಚಿತ್ರ ಕೇಳಿ. ನಂಬರ್ ಪ್ಲೇಟು ಕಾರಿನದ್ದಲ್ಲ, ನನ್ನದು. ಕಾರು ಮಾರಿದರೆ ಪ್ಲೇಟು ಬಿಚ್ಚಿಕೊಂಡು ಬರುವುದು. ಎರಡು ಕಾರಿಗೆ ಒಂದೇ ಪ್ಲೇಟು ಇಟ್ಟು ಬದಲಾಯಿಸಿ ಓಡಿಸುವವರೂ ಇದ್ದಾರೆ. ನಮ್ಮ ಕಾಸರಗೋಡಿನ ಕೆಎಲ್ 14ರಲ್ಲಿ ಹಾಗೆ ಮಾಡಿದರೆ ಠಾಣೆಯಲ್ಲೇ ಊಟ. ಇನ್ನೊಂದು, ಈಗ ಇಷ್ಟು ಕಾರು ಓಡುವ ಈ ಗ್ರಾವ್‌ಬ್ಯುಂಡನ್ ಪ್ರಾಂತ್ಯದಲ್ಲಿ 1900ರಿಂದ 1925ರ ವರೆಗೆ ಕಾರೇ ನಿಷೇಧವಾಗಿತ್ತು. ಜನರೇ ಮತ್ತೆ ಮತ್ತೆ ಓಟು ಹಾಕಿ ಬೇಡ ಅಂದಿದ್ದರಂತೆ. ನೀವು ಆಗ ಇಲ್ಲಿದ್ದಿದ್ದರೆ ನಿಮ್ಮ ಓಟು ಯಾವ ಕಡೆ ಅಂತ ನನಗೆ ಗೊತ್ತು.

ನೀವು ಕೇಳಿದ ಭಾಷೆಯ ವಿಷಯ: ನನ್ನ ಅಜ್ಜಂದಿರು ಮಾತಾಡುವುದು ರೊಮಾನ್ಶ್. ಸಣ್ಣ ಭಾಷೆ, ಆದರೂ 1938ರಿಂದ ದೇಶದ ಭಾಷೆಗಳಲ್ಲಿ ಒಂದು. ಊರಿನ ಬೋರ್ಡಿನಲ್ಲಿ ಎರಡು ಹೆಸರು, ಇಲಾಂಟ್ಸ್ ಮತ್ತು ಗ್ಲಿಯೋನ್. ನಾನು ಗಡಿಯ ಕನ್ನಡದವಳು ಅಂತ ಹೇಳಿದ ದಿನ ಆ ದನದ ಅಜ್ಜ ಅರ್ಧ ಗಂಟೆ ಬಿಡಲಿಲ್ಲ. ಮುಂದಿನ ಮನೆಗೆ ತಡವಾಯಿತು.

ಅಪ್ಪ, ಕಾಕ ಜೀಪು ಮಾರಿದ ಮೇಲೆ ರಾತ್ರಿ ಹೊತ್ತು ನಮ್ಮ ಏರಿಗೆ ಯಾವ ಗಾಡಿ ಬರುತ್ತದೆ? ಆಟೋ ಮಳೆಗೆ ಬರುವುದಿಲ್ಲ. ಅಣ್ಣನ ಆಲ್ಟೋ ಮೇಲೆ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಯ ವರೆಗೆ ನಿಮ್ಮನ್ನು ಹೊತ್ತುಕೊಂಡು ಹೋಗುವುದಾ? ಚಕ್ರ ಹೋಗುವಲ್ಲಿಗೆ ಮಾತ್ರ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿದರೂ ಸಾಕು. ಅಣ್ಣನಿಗೆ ಹೇಳಿದ್ದೇನೆ, ಮೇಸ್ತ್ರಿಯನ್ನು ಕೇಳುತ್ತಾನೆ. ತಿರುವಿನ ಮುರಕಲ್ಲು ಒಡೆಯಬೇಕಾದೀತು. ಆ ಮಾವಿನ ಮರ ಕಡಿಯಬೇಡಿ, ಪಕ್ಕದಲ್ಲಿ ಜಾಗ ಉಂಟು.

ನನ್ನ ಬಗ್ಗೆ ಏನೇನೂ ಹೆದರಬೇಡಿ. ಚಳಿಗೆ ಎರಡು ಕೋಟು ಉಂಟು, ಊಟ ಸರಿ ಮಾಡುತ್ತೇನೆ, ನಿಧಾನವಾಗಿಯೇ ಓಡಿಸುತ್ತೇನೆ, ಹಿಮ ಜಾಸ್ತಿ ಇದ್ದರೆ ಹೊರಡುವುದೇ ಇಲ್ಲ. ಊರಿನ ಲೈಸೆನ್ಸನ್ನು ಇಲ್ಲಿಯದ್ದಕ್ಕೆ ಬದಲಾಯಿಸಲು ಒಂದೇ ಸಲ ಓಡಿಸಿ ತೋರಿಸಲು ಬಿಡುತ್ತಾರೆ. ಅದನ್ನು ಮೊದಲ ಸಲಕ್ಕೇ ದಾಟಿದವಳು ನಿಮ್ಮ ಮಗಳು. ಬದಿಯಡ್ಕದ ಪೇಟೆಯಲ್ಲಿ ಕಲಿತದ್ದು ಅಂದರೆ ಸುಮ್ನೆ ಅಲ್ಲ.

ಪುತ್ತೂರಿನ ಆ ವಿಷಯ ಈಗ ಬೇಡ. ಜಾತಕ ಕೊಟ್ಟಿದ್ದರೆ ಕೊಟ್ಟಿರಲಿ.

ನಾಳೆ ಬೆಳಿಗ್ಗೆ ಐದೂವರೆಗೆ ಏಳಬೇಕು, ಹೊರಗೆ ಆಗಲೇ ಹಿಮ ಬೀಳಲು ಶುರು. ಅಂಚೆಪೆಟ್ಟಿಗೆಗೆ ಹಾಕಿ ಬಂದು ಮಲಗುತ್ತೇನೆ. ಅಜ್ಜಿಗೆ ನಮಸ್ಕಾರ ಹೇಳಿ. ಮಂಗಳೂರಿಗೆ ಯಾವ ದಿನ ಅಂತ ಅಣ್ಣನ ಕೈಯಲ್ಲಿ ಇವತ್ತೇ ಮೆಸೇಜ್ ಮಾಡಿಸಿ. ಇಸಿಜಿ ಕಾಗದದ ಫೋಟೋ ಸಹ, ಪೂರ್ತಿ ಕಾಣುವ ಹಾಗೆ.

ಇತಿ ನಿಮ್ಮ ಮಗಳು,
ಪುಟ್ಟಿ

ಅಮ್ಮಾ, ಮಾತ್ರೆ ಪಂಚಾಂಗದ ಹಿಂದೆ ಬೇಡ, ಅಪ್ಪನ ಎಲೆಅಡಿಕೆ ತಟ್ಟೆಯಲ್ಲಿ ಇಡು. ಅಲ್ಲಾದರೆ ಕೈ ಹೋಗಿಯೇ ಹೋಗುತ್ತದೆ.